ಕುಂಟು ನಿಂತ ಮಾತ್ರಕ್ಕೆ ಗಾಯ ಮಾಯಿತೆಂದಲ್ಲ

ಮಾನ್ಯ ಸಂಪಾದಕರೇ,

ಕುದುರೆಗಳ ಕಾಲಿನ ಲಿಗಮೆಂಟ್ (ಮೂಳೆಗಳನ್ನು ಬಿಗಿದು ಹಿಡಿಯುವ ನಾರಿನ ಪಟ್ಟಿ) ಗಾಯಕ್ಕೆ ಬಂದಿರುವ ಹೊಸ ಚಿಕಿತ್ಸೆಗಳ ಕುರಿತು ನಿಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಲೇಖನ ಓದಿದೆ. ಸ್ಟೆಮ್ ಸೆಲ್ (ಬೇರೆ ಬಗೆಯ ಜೀವಕೋಶವಾಗಿ ಬೆಳೆಯಬಲ್ಲ ಮೂಲಕೋಶ), ಪ್ಲೇಟ್‌ಲೆಟ್ ಚುಚ್ಚುಮದ್ದು, ಶಾಕ್‌ವೇವ್ (ಗಾಯದ ಜಾಗಕ್ಕೆ ಹೊರಗಿನಿಂದ ಹಾಯಿಸುವ ಒತ್ತಡದ ಅಲೆ) ಎಲ್ಲದರ ವಿವರವೂ ಇತ್ತು. ಆದರೆ ಇವುಗಳಲ್ಲಿ ಯಾವುದನ್ನು ಮಾಡಿಸಿದರೂ ಕುದುರೆಗೆ ತಿಂಗಳುಗಟ್ಟಲೆ ವಿಶ್ರಾಂತಿ ಬೇಕು, ಅಳೆದು ನಡೆಸಬೇಕು ಎಂಬುದು ಒಂದೇ ಸಾಲಿನಲ್ಲಿ ಮುಗಿದುಹೋಗಿತ್ತು. ಕುದುರೆಗಳ ಆರೈಕೆಯಲ್ಲೇ ಬದುಕು ಕಳೆಯುತ್ತಿರುವವನಾಗಿ ಹೇಳುತ್ತೇನೆ: ಆ ಒಂದು ಸಾಲೇ ನಿಜವಾದ ಚಿಕಿತ್ಸೆ, ಉಳಿದದ್ದೆಲ್ಲ ಅದಕ್ಕೆ ಒತ್ತಾಸೆ.

ಹೆಚ್ಚಾಗಿ ಪೆಟ್ಟು ತಿನ್ನುವುದು ಸಸ್ಪೆನ್ಸರಿ ಲಿಗಮೆಂಟ್. ಕಾಲಿನ ಉದ್ದ ಮೂಳೆಯ ಹಿಂಬದಿಯಲ್ಲಿ ಇಳಿದು, ಕೆಳಗೆ ಎರಡು ಕವಲಾಗಿ, ಗೆಣ್ಣಿನ (ಗೊರಸಿನ ಮೇಲ್ಭಾಗದ ಕೀಲಿನ) ಹಿಂದಿರುವ ಪುಟ್ಟ ಮೂಳೆಗಳಿಗೆ ಅದು ಸೇರಿಕೊಳ್ಳುತ್ತದೆ. ನಾಗಾಲೋಟದಲ್ಲಿ ಮೈಭಾರವೆಲ್ಲ ಒಂದೇ ಕಾಲಿನ ಮೇಲೆ ಬಿದ್ದಾಗ ಗೆಣ್ಣು ನೆಲಕ್ಕೆ ಕುಸಿಯದಂತೆ ತಡೆಯುವುದರಲ್ಲಿ ಇದರದೇ ದೊಡ್ಡ ಪಾಲು. ರಕ್ತಸಂಚಾರ ಕಡಿಮೆಯಾದ್ದರಿಂದ ಮಾಯುವುದು ನಿಧಾನ. ಎಳೆ ಹರಿದ ಜಾಗದಲ್ಲಿ ಮೊದಲು ತುಂಬಿಕೊಳ್ಳುವುದು ಅಡ್ಡಾದಿಡ್ಡಿಯಾದ, ಬಲವಿಲ್ಲದ ಕೊಲಾಜೆನ್ ಎಂಬ ನಾರು. ಅದು ಎಳೆತದ ದಿಕ್ಕಿಗೆ ಸಾಲುಗೂಡಿ ಬಲಿಯಲು ಅನೇಕ ಕುದುರೆಗಳಿಗೆ 6ರಿಂದ 12 ತಿಂಗಳು ಹಿಡಿಯುತ್ತದೆ. ಬಾವು ಇಳಿದು ಕುಂಟು ನಿಲ್ಲುವುದಕ್ಕೋ ಕೆಲವೇ ವಾರ ಸಾಕು. ಈ ನಡುವಿನ ಅವಧಿಯಲ್ಲೇ ಎಷ್ಟೋ ಕುದುರೆಗಳು ಕೆಡುತ್ತವೆ.

ಕಾಲನ್ನು ಎತ್ತಿ ಮಡಚಿ ಹಿಡಿದು, ಹೆಬ್ಬೆರಳಿನಿಂದ ಮೂಳೆಯ ಹಿಂದಿನ ದಾರಿಯುದ್ದಕ್ಕೂ ಒತ್ತುತ್ತ ಬಂದರೆ ನೋವಿನ ಜಾಗ ಬಂದೊಡನೆ ಕುದುರೆ ಕಾಲನ್ನು ಸೆಳೆದುಕೊಳ್ಳುತ್ತದೆ. ಅದು ಸುಳಿವು ಮಾತ್ರ. ಪಶುವೈದ್ಯರು ನರಕ್ಕೆ ಅರಿವಳಿಕೆ ಕೊಟ್ಟು ಜಾಗ ಖಚಿತಪಡಿಸಿಕೊಂಡು, ಅಲ್ಟ್ರಾಸೌಂಡ್ ಮಾಡಬೇಕು. ಆರೋಗ್ಯವಂತ ಲಿಗಮೆಂಟ್ ಪರದೆಯ ಮೇಲೆ ಒತ್ತೊತ್ತಾದ ಬಿಳಿ ಗೆರೆಗಳಾಗಿ ಕಾಣುತ್ತದೆ. ಹರಿದ ಕಡೆ ಗೆರೆಗಳು ಕಡಿದು ಕಪ್ಪು ಮಚ್ಚೆ ಮೂಡಿರುತ್ತದೆ. ಕುಂಟು ನಿಂತ ಮೇಲೂ ಆ ಮಚ್ಚೆ ಹಾಗೇ ಉಳಿದಿರುವುದುಂಟು. ನೋವು ನಿವಾರಕ ಕೊಟ್ಟು, ನಡಿಗೆ ಸರಿಯಾಯಿತೆಂದು ಮತ್ತೆ ಓಟಕ್ಕಿಳಿಸುವವರು ಅದನ್ನು ಒಮ್ಮೆ ಕಣ್ಣಾರೆ ನೋಡಬೇಕು.

ಮೊದಲ ಎರಡು ಮೂರು ದಿನ ತಣ್ಣೀರು ಅಥವಾ ಮಂಜುಗಡ್ಡೆ, ಹದವಾದ ಬ್ಯಾಂಡೇಜ್, ವೈದ್ಯರು ಹೇಳಿದಷ್ಟೇ ಉರಿಯೂತ ತಗ್ಗಿಸುವ ಔಷಧ. ಆಮೇಲೆ ಬರುವುದೇ ಕಷ್ಟದ ಕೆಲಸ. ಲಾಯದಲ್ಲಿ ಕಟ್ಟಿ ಸುಮ್ಮನೆ ನಿಲ್ಲಿಸಿದರೆ ಎಳೆಗಳು ಸಾಲುಗೂಡುವುದಿಲ್ಲ. ಬಯಲಿಗೆ ಬಿಟ್ಟರೆ ಒಂದೇ ನೆಗೆತಕ್ಕೆ ಮತ್ತೆ ಹರಿಯುತ್ತವೆ. ಹಗ್ಗ ಹಿಡಿದು ಗಟ್ಟಿಯಾದ ಸಮತಟ್ಟು ನೆಲದ ಮೇಲೆ ದಿನಕ್ಕೆ ಐದು ಹತ್ತು ನಿಮಿಷದ ನಡಿಗೆಯಿಂದ ಶುರು ಮಾಡಿ, ವಾರ ವಾರಕ್ಕೆ ತುಸುತುಸುವೇ ಹೆಚ್ಚಿಸಬೇಕು. ಎರಡು ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ನೋಡಿಯೇ ಕುಕ್ಕುಲೋಟಕ್ಕೆ ಅನುಮತಿ. ಕೆಲಸವಿಲ್ಲದ ದಿನಗಳಲ್ಲಿ ಕಾಳು ತಗ್ಗಿಸಿ ಹುಲ್ಲು ಹೆಚ್ಚಿಸದಿದ್ದರೆ ಕುದುರೆ ಕೆರಳುತ್ತದೆ, ಹೊಟ್ಟೆಶೂಲೆಯ ಭಯವೂ ಇರುತ್ತದೆ. ಗೊರಸಿನ ಮುಂತುದಿ ಉದ್ದವಾಗಿ ಬೆಳೆದು ಹಿಮ್ಮಡಿ ತಗ್ಗಿದ್ದರೆ ಲಾಳ ಹೊಡೆಯುವವರು ಅದನ್ನು ತಿದ್ದಲೇಬೇಕು. ಇಷ್ಟೆಲ್ಲ ದಿನವೂ ಮಾಡುವ ಲಾಯದ ಆಳಿನ ಹೆಸರು ಯಾವ ವರದಿಯಲ್ಲೂ ಬರುವುದಿಲ್ಲ.

ಹೊಸ ಚಿಕಿತ್ಸೆಗಳನ್ನು ನಾನು ಹೀಗಳೆಯುತ್ತಿಲ್ಲ. ಕುದುರೆಯದೇ ರಕ್ತದಿಂದ ಪ್ಲೇಟ್‌ಲೆಟ್ ಬೇರ್ಪಡಿಸಿ ಗಾಯದೊಳಕ್ಕೆ ಚುಚ್ಚುವುದರಿಂದ ಅನೇಕ ವೈದ್ಯರು ಒಳ್ಳೆಯ ಫಲ ಕಂಡಿದ್ದಾರೆ. ಸ್ಟೆಮ್ ಸೆಲ್ ಕುರಿತು ಹೆಚ್ಚು ಅಧ್ಯಯನ ನಡೆದಿರುವುದು ಪಂದ್ಯದ ಕುದುರೆಗಳ ಟೆಂಡನ್ (ಸ್ನಾಯುವನ್ನು ಮೂಳೆಗೆ ಸೇರಿಸುವ ನಾರು) ಗಾಯದಲ್ಲಿ. ಅದೇ ಭರವಸೆಯನ್ನು ಲಿಗಮೆಂಟಿಗೆ ನೇರವಾಗಿ ಹೊಂದಿಸುವುದು ಆತುರವಾಗುತ್ತದೆ. ಶಾಕ್‌ವೇವ್ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಅದು ಕೆಲವು ದಿನ ನೋವನ್ನು ಮರೆಸುತ್ತದೆ. ಆ ದಿನಗಳಲ್ಲಿ ಓಡಿಸಿದರೆ ಕುದುರೆಗೆ ತನ್ನ ಗಾಯದ ಅರಿವೇ ಇರುವುದಿಲ್ಲ. ಶಾಕ್‌ವೇವ್ ಆದ ಮೇಲೆ ಇಂತಿಷ್ಟು ದಿನ ಸ್ಪರ್ಧೆ ಕೂಡದು ಎಂಬ ನಿಯಮ ಅನೇಕ ಕಡೆ ಇರುವುದು ಅದಕ್ಕಾಗಿಯೇ. ಹಿಂಗಾಲಿನ ಹಳೆಯ ಗಾಯಕ್ಕೆ ನರ ಕತ್ತರಿಸುವ ಶಸ್ತ್ರಚಿಕಿತ್ಸೆಯೂ ಇದೆ. ಆದರೆ ಗೆಣ್ಣು ಆಗಲೇ ಕುಸಿದಿರುವ ಕುದುರೆಗೆ ಅದು ಸಲ್ಲದು.

ಇನ್ನು ಬರೆ ಹಾಕುವ ಪದ್ಧತಿ. ಕಾದ ಕಬ್ಬಿಣದಿಂದ ಕಾಲು ಸುಟ್ಟರೆ ಗಾಯ ಬೇಗ ಮಾಯುತ್ತದೆಂದು ನಂಬಿದವರು ಇಂದಿಗೂ ಇದ್ದಾರೆ. ಬರೆ ಬಿದ್ದ ಕುದುರೆಗೆ ಅನಿವಾರ್ಯವಾಗಿ ಸಿಗುವ ದೀರ್ಘ ವಿಶ್ರಾಂತಿಯಿಂದ ಆದ ಗುಣವನ್ನು ಬರೆಯ ಲೆಕ್ಕಕ್ಕೆ ಬರೆದುಕೊಂಡು ಬಂದದ್ದಷ್ಟೇ. ಚರ್ಮ ಸುಡುವುದರಿಂದ ಒಳಗಿನ ಎಳೆ ಬಲಿಯುವುದಿಲ್ಲ. ಇದು ಶುದ್ಧ ಹಿಂಸೆ, ನಿಲ್ಲಲೇಬೇಕು.

ಕುದುರೆ ಕೈ ಬದಲಾಯಿಸುವಾಗ ಈ ಗಾಯದ ಸಂಗತಿಯನ್ನೇ ಮುಚ್ಚಿಡುವುದು ನನ್ನನ್ನು ಹೆಚ್ಚು ಕಾಡುವ ವಿಷಯ. ಹೊಸ ಮಾಲೀಕರು ಏನೂ ತಿಳಿಯದೆ ಮೊದಲ ವಾರವೇ ಓಡಿಸುತ್ತಾರೆ, ಅರ್ಧ ಮಾಯ್ದದ್ದು ಪೂರ್ತಿ ಹರಿಯುತ್ತದೆ. ಸ್ಕ್ಯಾನ್ ಚಿತ್ರಗಳೂ ನಡಿಗೆಯ ದಾಖಲೆಯೂ ಕುದುರೆಯ ಜೊತೆಗೇ ಮಾರಾಟದ ಕಾಗದದಲ್ಲಿ ಸೇರಬೇಕು. ಕೊಳ್ಳುವವರು ಅದನ್ನು ಕೇಳಿ ಪಡೆಯಬೇಕು, ಇಲ್ಲವೆಂದರೆ ಹೊಸದಾಗಿ ಸ್ಕ್ಯಾನ್ ಮಾಡಿಸಿದ ಮೇಲೆಯೇ ಹಣ ಕೊಡಬೇಕು. ನಿಮ್ಮ ಪತ್ರಿಕೆ ಈ ಬಗ್ಗೆಯೂ ಒಂದು ಲೇಖನ ಪ್ರಕಟಿಸಲಿ ಎಂದು ಕೋರುತ್ತೇನೆ.

ಇಂತಿ,
ಕುದುರೆಗಳ ಆರೈಕೆ ಮಾಡುವ ಒಬ್ಬ ಓದುಗ