ಮಾತ್ರೆ ಪಟ್ಟಿಯ ಹೆಸರಿರುವ ತುದಿ ಕತ್ತರಿಸಿ ಕೊಡಬೇಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಅಡಿಕೆ ಕೊಯ್ಲಿನ ಹೊತ್ತಿಗೆ ನಮ್ಮ ಚಿಕ್ಕಪ್ಪನಿಗೆ ಜ್ವರ ಬಂತು. ನಮ್ಮ ಕಡೆ ಆ ಕಾಲದಲ್ಲಿ ಜ್ವರ ಅಂದರೆ ಮೊದಲು ಹೆದರುವುದು ಮಂಗನ ಕಾಯಿಲೆಗೆ. ರಕ್ತ ಪರೀಕ್ಷೆಗೆ ಕೊಟ್ಟು ಬಂದೆವು. ವರದಿ ಬರುವ ಮೊದಲೇ ಕಣ್ಣು ಉರಿ, ಬಾಯಿ ತುಂಬ ಹುಣ್ಣು, ಗಂಜಿ ತಿಳಿ ಕೂಡ ನುಂಗಲು ಆಗುತ್ತಿರಲಿಲ್ಲ. ಎದೆ ಮೇಲೆ ಕೆಂಪು ಕಲೆ, ನಡುವೆ ಕಪ್ಪು. ಪಕ್ಕದ ಮನೆ ಅಜ್ಜಿ "ಇದು ಅಮ್ಮ" ಅಂದರು. ಬೇವಿನ ಸೊಪ್ಪು ಹಾಸಿ ಮಲಗಿಸಿದೆವು. ಹಾಗೆ ಎರಡು ದಿನ ಕಳೆದೆವು, ಆ ಎರಡೂ ದಿನ ಅವರ ದಿನನಿತ್ಯದ ಮಾತ್ರೆಯನ್ನು ಚಿಕ್ಕಮ್ಮ ಮರೆಯದೆ ಕೊಟ್ಟರು. ಮೂರನೇ ದಿನ ಬನಿಯನ್ ತೆಗೆಯುವಾಗ ಬೆನ್ನಿನ ಚರ್ಮ ಹಾಲಿನ ಕೆನೆಯ ಹಾಗೆ ಅದರ ಜೊತೆಗೇ ಎದ್ದು ಬಂತು.

ಘಾಟಿ ಇಳಿದು ದೊಡ್ಡ ಆಸ್ಪತ್ರೆಗೆ ಓಡಿದೆವು. ಅಲ್ಲಿ ಕೇಳಿದ ಮೊದಲ ಪ್ರಶ್ನೆ, "ಈ ಒಂದು ತಿಂಗಳಲ್ಲಿ ಹೊಸದಾಗಿ ಯಾವ ಮಾತ್ರೆ ಶುರು ಮಾಡಿದ್ದೀರಿ?" ಚಿಕ್ಕಮ್ಮ ಕವಳದ ಸಂಚಿಯಿಂದ ಪಟ್ಟಿ ತೆಗೆದರು. ಮೆಡಿಕಲ್ ಶಾಪಿನವರು ಕತ್ತರಿಯಲ್ಲಿ ಕತ್ತರಿಸಿ ಕೊಟ್ಟ ತುಂಡು, ಹೆಸರಿನಲ್ಲಿ ಉಳಿದಿದ್ದು ಕೊನೆಯ ನಾಲ್ಕು ಅಕ್ಷರ. ಅಂಗಡಿಗೆ ಫೋನ್ ಮಾಡಿ ಕೇಳಿದ ಮೇಲೆ ಗೊತ್ತಾಯ್ತು, ಅಲೊಪ್ಯೂರಿನಾಲ್. ರಿಪೋರ್ಟಿನಲ್ಲಿ ಯೂರಿಕ್ ಆಸಿಡ್ ಜಾಸ್ತಿ ಇದೆ ಅಂತ ಮೂರು ವಾರದ ಹಿಂದೆ ಬರೆದುಕೊಟ್ಟಿದ್ದರು. ಅದು ಜಾಸ್ತಿಯಾದರೆ ಕೆಲವರಿಗೆ ಗಂಟು ಊದಿ ನೋಯುತ್ತದೆ, ಆದರೆ ಇವರಿಗೆ ಕಾಲಿನ ಗಂಟು ಊದಿದ್ದೂ ಇಲ್ಲ, ನೋವೂ ಇಲ್ಲ. ಬರೀ ರಿಪೋರ್ಟಿಗೆ ಮಾತ್ರೆ ಬೇಕಾ ಅಂತ ನಾವೂ ಕೇಳಲಿಲ್ಲ ಬಿಡಿ.

ಮಾತ್ರೆ ಮೈಗೆ ಒಗ್ಗದೆ ಹೀಗೆ ಹುಣ್ಣಾಗಿ ಚರ್ಮ ಎದ್ದು ಬರುವುದಕ್ಕೆ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಅಂತಾರೆ. 1922ರಲ್ಲೇ ಅಮೆರಿಕದ ಇಬ್ಬರು ಮಕ್ಕಳ ವೈದ್ಯರು ಗುರುತಿಸಿದ್ದು. ವರ್ಷಕ್ಕೆ 10 ಲಕ್ಷ ಜನರಲ್ಲಿ ಬೆರಳೆಣಿಕೆಯಷ್ಟು ಮಂದಿಗೆ ಬರಬಹುದು, ಆದರೆ ಬಂದವರ ಜೀವಕ್ಕೇ ಸಂಚಕಾರ. ಮೈಯ ಶೇ 30ಕ್ಕಿಂತ ಜಾಸ್ತಿ ಚರ್ಮ ಬಿಟ್ಟುಕೊಂಡರೆ ಸುಟ್ಟ ಗಾಯದವರ ಹಾಗೆಯೇ ನೋಡಿಕೊಳ್ಳಬೇಕು. ಚಿಕ್ಕಪ್ಪನನ್ನು ಬಾಳೆ ಎಲೆ ಹಾಸಿ ಮಲಗಿಸಿದ್ದರು, ಬಟ್ಟೆಯಾದರೆ ಗಾಯಕ್ಕೆ ಅಂಟುತ್ತದೆ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯ್ನ್, ಲ್ಯಾಮೋಟ್ರಿಜಿನ್, ಮತ್ತೆ ಸೋಂಕಿಗೆ ಕೊಡುವ ಸಲ್ಫಾ ಮಾತ್ರೆಗಳಿಂದಲೂ ಹೀಗಾಗಬಹುದು. ಸಾಮಾನ್ಯವಾಗಿ ಶುರು ಮಾಡಿದ 4ರಿಂದ 28 ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಹಾಗಂತ ಹೆದರಿ ಫಿಟ್ಸ್ ಮಾತ್ರೆ ಸುಮ್ನೆ ಬಿಟ್ಟುಬಿಡಬೇಡಿ, ಅದು ಇನ್ನೊಂದು ಅಪಾಯ. ಹೊಸ ಮಾತ್ರೆ ಶುರುವಾದ ಮೇಲೆ ಜ್ವರ, ಕಣ್ಣುರಿ, ಬಾಯಿ ಹುಣ್ಣು, ಮುಟ್ಟಿದರೆ ನೋಯುವ ಕೆಂಪು ಕಲೆ ಬಂದರೆ, ಬೇವಿನ ಸೊಪ್ಪು ಹುಡುಕದೆ ಅದೇ ದಿನ ಮಾತ್ರೆ ಪಟ್ಟಿ ಹಿಡಿದು ಆಸ್ಪತ್ರೆಗೆ ಹೋಗಿ.

ಚಿಕ್ಕಪ್ಪ ಬದುಕಿ ಬಂದರು. ಕಣ್ಣೀರು ಒಣಗಿದೆ, ದಿನಕ್ಕೆ ಹತ್ತು ಸಲ ಡ್ರಾಪ್ಸ್, ಅಂಗಳದ ಬಿಸಿಲಿಗೆ ಕಣ್ಣು ಬಿಡಲು ಆಗುವುದಿಲ್ಲ. ಆ ಮಾತ್ರೆ ಹೆಸರನ್ನು ಕನ್ನಡದಲ್ಲಿ ಬರೆದ ಚೀಟಿ ಅಂಗಿ ಜೇಬಿನಲ್ಲೇ ಇರುತ್ತದೆ, ಜನ್ಮದಲ್ಲಿ ಮತ್ತೆ ಅದನ್ನು ಮುಟ್ಟುವ ಹಾಗಿಲ್ಲ. ಇಂಥದ್ದನ್ನು ರೋಗಿಗಳೇ ತಿಳಿಸಲು ಸರ್ಕಾರದ ಉಚಿತ ಸಹಾಯವಾಣಿ ಇದೆ, 1800-180-3024. ನಮಗೆ ಯಾರೂ ಹೇಳಿರಲಿಲ್ಲ.

ಬರೆದುಕೊಟ್ಟ ಡಾಕ್ಟರರ ಮೇಲೆ ನನಗೆ ಸಿಟ್ಟಿಲ್ಲ, ಯಾರಿಗೆ ಆಗುತ್ತದೆ ಅಂತ ಮೊದಲೇ ಹೇಳುವುದು ಕಷ್ಟ. "ಮೈ ಮೇಲೆ ಏನಾದರೂ ಎದ್ದರೆ ನಿಲ್ಲಿಸಿ ಬಾ" ಅಂತ ಒಂದು ಮಾತು ಹೇಳಬಹುದಿತ್ತು, ಅಷ್ಟೇ. ಇನ್ನು ಮೆಡಿಕಲ್ ಶಾಪಿನವರಲ್ಲಿ ಒಂದು ಕೇಳಿಕೆ. ಐದೇ ಮಾತ್ರೆ ಕೊಡುವುದಿದ್ದರೂ ಕವರಿನ ಮೇಲೆ ಪೂರ್ತಿ ಹೆಸರು ಬರೆದುಕೊಡಿ ಮಾರಾಯ್ರೆ.

– ಒಬ್ಬ ಓದುಗ, ತೀರ್ಥಹಳ್ಳಿ ತಾಲ್ಲೂಕು