ತಂಗಿಯ ಕತೆಯ ನಾರಾಯಣಪ್ಪನ ಬಗ್ಗೆ

ಮ್ಯಾಂಚೆಸ್ಟರ್

ಪ್ರೀತಿಯ ಪುಟ್ಟಿ,

ಅಪ್ಪ, ಅಮ್ಮ, ಅಜ್ಜಿಗೆ ನನ್ನ ನಮಸ್ಕಾರ ತಿಳಿಸು. ನಾವಿಲ್ಲಿ ಕ್ಷೇಮ. ನೀನು ಕಳಿಸಿದ ಕತೆ ಓದಿದೆ ಕಣೆ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯನ್ನು ಆರಿಸಿಕೊಂಡಿದ್ದು ಬಹಳ ಒಳ್ಳೆಯದಾಯಿತು. ಆದರೆ ಗೂಡು ಮಾರಲು ಬರುವ ನಿನ್ನ ರೈತ ನಾರಾಯಣಪ್ಪನಿಗೆ ಇನ್ನೂ ಜೀವ ಬಂದಿಲ್ಲ, ಈ ಪತ್ರ ಅದರ ಬಗ್ಗೆಯೇ.

ಮೊದಲ ಪುಟದಲ್ಲೇ ‘ಬಡವ, ಪ್ರಾಮಾಣಿಕ, ಸ್ವಾಭಿಮಾನಿ’ ಎಂದು ಬರೆದುಬಿಟ್ಟಿದ್ದೀಯ. ಮೂರನ್ನೂ ಹೊಡೆದು ಹಾಕು. ಗುಣ ಹೇಳಿದರೆ ಓದುವವರು ತಲೆಯಾಡಿಸಿ ಮುಂದೆ ಹೋಗುತ್ತಾರೆ. ಇಕ್ಕಟ್ಟಿನಲ್ಲಿ ಅವನು ಏನು ಮಾಡಿದ ಎಂದು ಕಂಡಾಗ ನಂಬುತ್ತಾರೆ. ಆ ಇಕ್ಕಟ್ಟು ಅವನ ಕಸುಬಿನಲ್ಲೇ ಇದೆ. ರೇಷ್ಮೆ ಹುಳು ಗೂಡು ಕಟ್ಟಿ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆಯಾಗಿ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲು ಆಗುವುದಿಲ್ಲ. ರೇಟು ಬಿತ್ತು ಅಂತ ರಾಗಿಯನ್ನಾದರೆ ಮನೆಯಲ್ಲಿಟ್ಟು ಕಾಯಬಹುದು, ಗೂಡನ್ನು ಇಡುವಂತಿಲ್ಲ.

ಅವನು ಮಾರುಕಟ್ಟೆಯ ಜಾಲರಿ ತಟ್ಟೆಗೆ ಗೂಡು ಸುರಿಯುವ ಗಳಿಗೆಯಲ್ಲಿ ಕತೆಯನ್ನು ನಿಲ್ಲಿಸು. ಚೀಲದಲ್ಲಿ ಕಲೆ ಗೂಡು, ತೆಳು ಗೂಡು, ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು, ಎಲ್ಲ ಸೇರಿ ಎರಡು ಕೆ.ಜಿ. ಇವೆ ಅಂತಿಟ್ಟುಕೋ. ಆರಿಸಿ ತೆಗೆದರೆ ತೂಕ ಕಡಿಮೆ. ಅಡಿಗೆ ಹಾಕಿ ಮೇಲೆ ಒಳ್ಳೆಯದನ್ನು ಹರಡಿದರೆ ಗೂಡು ಕೊಂಡು ನೂಲು ತೆಗೆಯುವ ರೀಲರ್ ಕೈ ಹಾಕಿ ಕೆದಕುವ ಭಯ. ಸಾಕಲು ತಂದ ಚಾಕಿ ಹುಳುವಿನ, ಅಂದರೆ ಮರಿ ಹುಳುವಿನ, ಬಾಕಿ ತೀರಿಸಬೇಕಾಗಿರುವುದು ಇವತ್ತೇ ಸಂಜೆ. ಏನು ಮಾಡುತ್ತಾನೆ? ನನ್ನನ್ನು ಕೇಳಿದರೆ, ಅಡಿಗೆ ಹಾಕುತ್ತಾನೆ. ರೀಲರ್ ಹತ್ತಿರ ಬಂದಾಗ ತಾನೇ ಒಂದು ಕಲೆ ಗೂಡು ಎತ್ತಿ ಮೇಲಿಡುತ್ತಾನೆ. ಯಾಕೆ ಇಟ್ಟ ಎಂದು ಮಾತ್ರ ವಿವರಿಸಲು ಹೋಗಬೇಡ.

ಪ್ರತಿ ಪಾತ್ರಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇಡು. ಹುಟ್ಟಿದ ವರ್ಷ, ಇವತ್ತು ಸಂಜೆಯೊಳಗೆ ಏನು ಬೇಕು, ಯಾರಿಂದ ಏನು ಮುಚ್ಚಿಡುತ್ತಿದ್ದಾನೆ, ಜೇಬಿನಲ್ಲಿ ಎಷ್ಟು ದುಡ್ಡಿದೆ. ಇದರಲ್ಲಿ ಹತ್ತರಲ್ಲೊಂದು ಪಾಲು ಕತೆಗೆ ಬಂದರೆ ಸಾಕು, ಪೂರ್ತಿ ತುಂಬಿದರೆ ಜಾತಕ ಓದಿದ ಹಾಗಾಗುತ್ತದೆ. ಹುಟ್ಟಿದ ವರ್ಷ ಮಾತ್ರ ಬಿಡಲೇಬೇಡ. 1966ರಲ್ಲಿ ಹುಟ್ಟಿದವನಿಗೆ 2001ರಲ್ಲಿ ಕೆ.ಜಿ.ಎಫ್. ಚಿನ್ನದ ಗಣಿ ಮುಚ್ಚಿದಾಗ 34–35 ವರ್ಷ. ಅವನ ಭಾವ ಅಲ್ಲಿ ಕೆಲಸದಲ್ಲಿದ್ದರೆ ಆ ವರ್ಷ ಮನೆಯಲ್ಲಿ ಏನಾಯಿತು ಅಂತ ನಿನಗೆ ಗೊತ್ತಿರಬೇಕು. ಶಿಡ್ಲಘಟ್ಟ ಈಗ ಸೇರಿರುವ ಚಿಕ್ಕಬಳ್ಳಾಪುರ ಜಿಲ್ಲೆಯಾಗಿದ್ದು 2007ರಲ್ಲಿ. ಅಲ್ಲಿಯವರೆಗೂ ‘ಕೋಲಾರ ಜಿಲ್ಲೆ’ ಎಂದೇ ಬರೆದು ರೂಢಿಯಾದವನು ಅರ್ಜಿಯಲ್ಲಿ ಮೊದಲು ಹಾಗೇ ಬರೆದು ಆಮೇಲೆ ಹೊಡೆದು ಹಾಕಲಿ. ‘ಅವನಿಗೆ ವಯಸ್ಸಾಗಿತ್ತು’ ಎಂಬ ಸಾಲು ಆಗ ಬೇಕಾಗುವುದೇ ಇಲ್ಲ. ಹೆಂಡತಿಗೆ ನೀನಿಟ್ಟ ‘ಅನನ್ಯ’ ಆ ತಲೆಮಾರಿನ ಹೆಸರಲ್ಲ. ಮುನಿರತ್ನಮ್ಮ ಅನ್ನು.

ಎಲ್ಲರೂ ಒಂದೇ ಪುಸ್ತಕದ ಕನ್ನಡ ಆಡುತ್ತಿದ್ದಾರೆ. ನಮ್ಮ ಕಡೆಯ ರೈತ ಮನೆಯಲ್ಲಿ ತೆಲುಗು, ರೀಲರ್ ಜೊತೆ ಅರ್ಧಂಬರ್ಧ ಉರ್ದು, ಬ್ಯಾಂಕಿನಲ್ಲಿ ತಡವರಿಸುವ ಶುದ್ಧ ಕನ್ನಡ ಆಡುವವನು. ಹಾಗಂತ ಪುಟದ ತುಂಬ ತೆಲುಗು ಬೇಡ. ಸಿಟ್ಟು ಬಂದಾಗ ಯಾವ ಭಾಷೆಗೆ ಜಾರುತ್ತಾನೆ ಎಂದು ತೋರಿಸಿದರೆ ಸಾಕು. ಬರೆದ ಮೇಲೆ ಹೆಸರುಗಳನ್ನು ಬಿಟ್ಟು ಬರೀ ಮಾತುಗಳನ್ನು ಅಮ್ಮನಿಗೆ ಓದಿ ಹೇಳು. ಯಾರ ಮಾತು ಎಂದು ಅಮ್ಮನಿಗೆ ಗೊತ್ತಾಗದ ಕಡೆ ತಿದ್ದು.

ಸಾಹುಕಾರ ಮೀಸೆ ತಿರುವುವುದು ಬಿಟ್ಟು ಬೇರೇನೂ ಮಾಡುವುದಿಲ್ಲ. ಅವನ ಕಡೆಯಿಂದ ಒಂದು ಪುಟ ಬರೆದು ನೋಡು, ಕತೆಗೆ ಸೇರಿಸಬೇಡ. ಅವನೂ ಯಾರಿಗೋ ಬಡ್ಡಿ ಕಟ್ಟುತ್ತಿರಬಹುದು. ಹೋದ ವರ್ಷ ಯಾರೋ ಅವನ ದುಡ್ಡು ಮುಳುಗಿಸಿ ಊರು ಬಿಟ್ಟಿರಬಹುದು. ಅದು ನಿನಗೆ ಗೊತ್ತಿದ್ದರೆ ಅವನ ಒರಟು ಮಾತಿನ ಧಾಟಿಯೇ ಬೇರೆಯಾಗುತ್ತದೆ.

ಕೊನೆಯಲ್ಲಿ ನಾರಾಯಣಪ್ಪ ಒಂದೇ ರಾತ್ರಿಯಲ್ಲಿ ಬದಲಾಗುವುದು ನನಗೆ ಒಪ್ಪಿಗೆಯಾಗಲಿಲ್ಲ. ಬೆಳಗ್ಗೆ ಮನೆಯಲ್ಲೇ ಕಲೆ ಗೂಡನ್ನು ಆರಿಸಿಟ್ಟು ಮತ್ತೆ ಚೀಲಕ್ಕೆ ಸುರಿದದ್ದನ್ನು ಮುನಿರತ್ನಮ್ಮ ನೋಡಿರಲಿ, ಏನೂ ಅನ್ನದಿರಲಿ. ಆಮೇಲಿನದಕ್ಕೆ ಅಷ್ಟು ಸಿದ್ಧತೆ ಸಾಕಾಗುತ್ತದೆ.

ಅಪ್ಪನ ಜೊತೆ ಒಂದು ಬೆಳಗ್ಗೆ ಮಾರುಕಟ್ಟೆಗೆ ಹೋಗಿ ಬಾ. ರೇಟು ಗೊತ್ತಾದ ಗಳಿಗೆಯಲ್ಲಿ ರೈತರ ಮುಖಕ್ಕಿಂತ ಕೈ ನೋಡು, ಅಲ್ಲೇ ನಿಂತು ಬರೆದುಕೋ. ತಿದ್ದಿದ ಪ್ರತಿಯನ್ನು ಬೇಗ ಕಳಿಸು, ಸಾಹುಕಾರನ ಆ ಪುಟವನ್ನೂ ಸೇರಿಸಿ.

ಪ್ರೀತಿಯಿಂದ,
ನಿನ್ನ ಅಕ್ಕ