ಆರಕ್ಕೆ ನಿಂತ ಪುಷ್-ಅಪ್: ತೀರ್ಥಹಳ್ಳಿಯ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ವಾಯುಪಡೆಯ ಅಗ್ನಿವೀರರ ಭರ್ತಿ ಪರೀಕ್ಷೆಗೆ ತಯಾರಾಗುತ್ತಿರುವ ನೀನು, ಪುಷ್-ಅಪ್ ಆರಕ್ಕೆ ಬಂದು ನಿಂತಿದೆ, ಏಳನೆಯದಕ್ಕೆ ತೋಳು ಮಾತು ಕೇಳುವುದಿಲ್ಲ ಎಂದು ಬರೆದಿದ್ದೀಯ. ದಿನವೂ ಸಂಜೆ ನೆಲಕ್ಕೆ ಕುಸಿಯುವವರೆಗೆ ಮಾಡುತ್ತಿದ್ದೀಯಂತೆ. ನಿನ್ನ ಛಲದ ಬಗ್ಗೆ ನನಗೆ ಅನುಮಾನವೇ ಇಲ್ಲ. ಆದರೆ ಆ ಕ್ರಮವನ್ನು ಇವತ್ತೇ ಬಿಟ್ಟುಬಿಡು.

ಆರು ಬರುವವನು ಪ್ರತಿ ಸಲ ಮೂರಕ್ಕೇ ನಿಲ್ಲಿಸಬೇಕು. ಆದರೆ ದಿನಕ್ಕೆ ಎಂಟು-ಹತ್ತು ಸಲ ಮಾಡಬೇಕು. ಬೆಳಿಗ್ಗೆ ಮುಖ ತೊಳೆದ ಮೇಲೆ ಮೂರು, ತೋಟಕ್ಕೆ ಹೊರಡುವ ಮುಂಚೆ ಮೂರು, ಬಂದು ಕಾಲು ತೊಳೆದ ಮೇಲೆ ಮತ್ತೆ ಮೂರು. ಯಾವ ಸುತ್ತಿನಲ್ಲೂ ತೋಳು ನಡುಗಬಾರದು. ಹೀಗೆ ಮಾಡಿದರೆ ದಿನದ ಕೊನೆಗೆ ಈಗ ಮಾಡುವುದಕ್ಕಿಂತ ಹೆಚ್ಚೇ ಮಾಡಿರುತ್ತೀಯ, ಅದೂ ಒಂದೂ ಕೆಟ್ಟ ಪುಷ್-ಅಪ್ ಇಲ್ಲದೆ. ಮೊದಲ ಕೆಲವು ವಾರಗಳಲ್ಲಿ ಹೆಚ್ಚುವ ಶಕ್ತಿ ಬಹುಪಾಲು ಸ್ನಾಯು ದಪ್ಪವಾಗಿ ಬರುವುದಲ್ಲ. ಇರುವ ಸ್ನಾಯುವನ್ನೇ ಒಟ್ಟಾಗಿ ದುಡಿಸುವುದನ್ನು ನರಗಳು ಕಲಿಯುತ್ತವೆ. ದಣಿದ ದೇಹದಲ್ಲಿ ಆ ಕಲಿಕೆ ಕೆಡುತ್ತದೆ. ವಾರಕ್ಕೆ ಒಂದು ದಿನ ಪೂರ್ತಿ ವಿಶ್ರಾಂತಿ ತೆಗೆದುಕೊ. ಮರುದಿನ ಮಾತ್ರ ಎಷ್ಟು ಬರುತ್ತದೆಂದು ಎಣಿಸು. ಎಂಟು ಬಂದರೆ ಸುತ್ತಿಗೆ ನಾಲ್ಕು ಮಾಡು.

ಇನ್ನು ನೀನು ಕಳಿಸಿದ ವಿಡಿಯೊ. ನಾಲ್ಕನೆಯದರವರೆಗೂ ಚೆನ್ನಾಗಿದೆ. ಐದನೆಯದರಲ್ಲಿ ಸೊಂಟ ಜೋತು ಬೀಳುತ್ತದೆ, ಆರನೆಯದರಲ್ಲಿ ಎದೆ ಇಳಿಯುವುದೇ ಇಲ್ಲ, ಗದ್ದ ಮಾತ್ರ ನೆಲದತ್ತ ಚಾಚುತ್ತದೆ. ಎಣಿಸುವವನು ಕಟ್ಟುನಿಟ್ಟಿನವನಾದರೆ ಅವೆರಡೂ ಲೆಕ್ಕಕ್ಕೆ ಬರುವುದಿಲ್ಲ. ಒಂದು ಬೈರಾಸನ್ನು ದಪ್ಪಗೆ ಮಡಿಸಿ ಎದೆಯ ನೇರಕ್ಕೆ ನೆಲದ ಮೇಲಿಡು. ಪ್ರತಿ ಸಲವೂ ಎದೆ ಅದಕ್ಕೆ ತಾಗಬೇಕು, ಮೇಲೆ ಬಂದಾಗ ಮೊಣಕೈ ಪೂರ್ತಿ ನೆಟ್ಟಗಾಗಬೇಕು. ಪೃಷ್ಠವನ್ನು ಬಿಗಿಹಿಡಿದರೆ ಸೊಂಟ ತಾನಾಗಿಯೇ ನೇರ ನಿಲ್ಲುತ್ತದೆ. ಮೊಣಕೈಗಳನ್ನು ಪಕ್ಕಕ್ಕೆ ಚಾಚಬೇಡ, ಮೈಗೆ ಹತ್ತಿರವಿರಲಿ, ಇಲ್ಲವಾದರೆ ಭುಜಕ್ಕೆ ಹೊರೆ.

ನಿಮ್ಮ ಮನೆಯ ಜಗಲಿಯೇ ದೊಡ್ಡ ಸಲಕರಣೆ. ನೆಲದ ಮೇಲಿನ ಪುಷ್-ಅಪ್‌ನಲ್ಲಿ ದೇಹದ ತೂಕದ ಸುಮಾರು ಮೂರನೇ ಎರಡು ಭಾಗವನ್ನು ಕೈಗಳು ಹೊರುತ್ತವೆ. ಎರಡು ಅಡಿ ಎತ್ತರದ ಕಟ್ಟೆಯ ಮೇಲೆ ಕೈಯೂರಿದರೆ ಅದು ಶೇ. 40ರ ಆಸುಪಾಸಿಗೆ ಇಳಿಯುತ್ತದೆ. ಅಂಗಳದಲ್ಲಿ ನಿಂತು ಜಗಲಿಯ ಅಂಚಿಗೆ ಕೈಯಿಟ್ಟು ಹದಿನೈದು-ಇಪ್ಪತ್ತು ಮಾಡು. ಮಂಡಿಯೂರಿ ಮಾಡುವುದಕ್ಕಿಂತ ನನಗೆ ಇದೇ ಇಷ್ಟ, ತಲೆಯಿಂದ ಹಿಮ್ಮಡಿಯವರೆಗೆ ಮೈ ಒಂದೇ ಗೆರೆಯಲ್ಲಿರುವ ಅಭ್ಯಾಸ ತಪ್ಪುವುದಿಲ್ಲ. ಆಷಾಢದ ಮಳೆ ಹಿಡಿದು ಅಂಗಳ ಜಾರುವಾಗ ಜಗಲಿಯ ಮೇಲೇ ನಿಂತು ಒಳಗಿನ ಬೆಂಚಿಗೆ ಕೈಯೂರು.

ಸಿಟ್-ಅಪ್, ಅಂದರೆ ಅಂಗಾತ ಮಲಗಿ ಎದ್ದು ಕೂರುವುದರ ಬಗ್ಗೆ ನೀನು ಇಷ್ಟು ಹೆದರಬೇಕಿಲ್ಲ. ಪರೀಕ್ಷೆಯಲ್ಲಿ ಹತ್ತಕ್ಕೆ ಒಂದು ನಿಮಿಷವೆಂದರೆ ಒಂದಕ್ಕೆ ಆರು ಸೆಕೆಂಡು, ಧಾರಾಳ ಸಮಯ. ತಮ್ಮನಿಂದ ಕಾಲು ಹಿಡಿಸಿಕೊಂಡೇ ಅಭ್ಯಾಸ ಮಾಡಿದರೆ ತೊಡೆಯ ಸಂದಿನ ಸ್ನಾಯುಗಳೇ ಮೈಯನ್ನು ಎಳೆದು ಎಬ್ಬಿಸುತ್ತವೆ, ಬೆನ್ನಿನ ಕೆಳಭಾಗ ನೋಯುತ್ತದೆ. ಅಮೆರಿಕದ ನೌಕಾಪಡೆ ತನ್ನ ಪರೀಕ್ಷೆಯಲ್ಲಿ ಸಿಟ್-ಅಪ್ ಕೈಬಿಟ್ಟು ಪ್ಲ್ಯಾಂಕ್ (ಮೊಣಕೈ ಊರಿ ಮೈಯನ್ನು ಹಲಗೆಯಂತೆ ನೇರ ಹಿಡಿದಿರುವುದು) ತಂದಿದೆ. ನಮ್ಮ ಪರೀಕ್ಷೆಗೆ ಸಿಟ್-ಅಪ್ ಇನ್ನೂ ಬೇಕೇ ಬೇಕು, ಹಾಗಾಗಿ ಎರಡನ್ನೂ ಮಾಡು: ದಿನ ಬಿಟ್ಟು ದಿನ ನಿಧಾನವಾದ ಸಿಟ್-ಅಪ್, ಉಳಿದ ದಿನ ಪ್ಲ್ಯಾಂಕ್. ಏಳುವಾಗ ಉಸಿರು ಬಿಡು, ಕುತ್ತಿಗೆಯನ್ನು ಕೈಯಿಂದ ಎಳೆಯಬೇಡ.

ಈಗ ಮುಖ್ಯವಾದ ಮಾತು. ವಾಯುಪಡೆಯ ಅಗ್ನಿವೀರರ ಪರೀಕ್ಷೆಯಲ್ಲಿ ಹುಡುಗರಿಗೆ ಕೇಳುವುದು ತಲಾ ಒಂದು ನಿಮಿಷದಲ್ಲಿ 10 ಪುಷ್-ಅಪ್, 10 ಸಿಟ್-ಅಪ್, 20 ಬಸ್ಕಿ. ಕಾಗದದ ಮೇಲೆ ಚಿಕ್ಕ ಸಂಖ್ಯೆ. ಆದರೆ ಇವೆಲ್ಲ ಬರುವುದು 1.6 ಕಿಲೋಮೀಟರ್ ಓಟವಾದ ಮೇಲೆ. ಎದೆ ಹೊಡೆದುಕೊಳ್ಳುತ್ತಿರುತ್ತದೆ, ಅಂಗೈ ಬೆವೆತಿರುತ್ತದೆ, ನೂರಾರು ಹುಡುಗರು ಸುತ್ತ ನಿಂತಿರುತ್ತಾರೆ. ಮನೆಯಲ್ಲಿ ಹತ್ತು ಬಂದವನಿಗೆ ಅಲ್ಲಿ ಏಳೇ ಬರಬಹುದು. ಮನೆಯಲ್ಲಿ ಇಪ್ಪತ್ತು ಬಂದರೆ ಅಲ್ಲಿ ಹತ್ತು ನಿಶ್ಚಿಂತೆ. ಆದ್ದರಿಂದ ನಿನ್ನ ಗುರಿ ಹತ್ತಲ್ಲ, ಇಪ್ಪತ್ತು. ಹದಿನೈದು ದಾಟಿದ ಮೇಲೆ ವಾರಕ್ಕೊಮ್ಮೆ ಓಡಿ, ಬೆವರು ಆರುವ ಮುಂಚೆ ಅದೇ ಕ್ರಮದಲ್ಲಿ ಮೂರನ್ನೂ ಮಾಡು. ಎಣಿಸುವುದು ತಮ್ಮನಲ್ಲ, ನಿನ್ನ ಮೇಲೆ ದಾಕ್ಷಿಣ್ಯವಿಲ್ಲದ ಯಾರಾದರೂ ಆಗಲಿ.

ಪರೀಕ್ಷೆಗೆ ಮುಂಚಿನ ಕೊನೆಯ ಮೂರು ದಿನ ಅಭ್ಯಾಸ ಅರ್ಧಕ್ಕಿಳಿಸು. ಹುರುಳಿ, ಮೊಳಕೆ ಕಾಳು, ಮೊಟ್ಟೆ ಸಾಕು, ಡಬ್ಬಿಯ ಪುಡಿಗೆ ದುಡ್ಡು ಹಾಕಬೇಡ. ಅಡಿಕೆಯ ಕೊನೆಕೊಯ್ಲಿಗೂ ಸುಲಿತಕ್ಕೂ ಎಚ್ಚರ ಕೂತ ರಾತ್ರಿಯ ಮರುದಿನ ಕಸರತ್ತು ಬೇಡ, ನಿದ್ದೆ ಮಾಡು. ತೋಳು ಸೋತರೆ ಹೆದರಬೇಡ. ಆದರೆ ಭುಜದ ಕೀಲಿನಲ್ಲಿ ಚುಚ್ಚುವ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತೋರಿಸು.

ಮುಂದಿನ ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಬಾ. 400 ಮೀಟರ್ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು ಓಡಿಸಿ, ನಾನೇ ಎಣಿಸುತ್ತೇನೆ. ಬೈರಾಸು ತರಲು ಮರೆಯಬೇಡ. ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ ಗೆಳೆಯ